ರಾಣಿಯ ಗಂಡನಿಗೆ ಪೇಟ

ಆ ದೊರೆಯ ಹೆಸರು ನನಗೆ ಚೆನ್ನಾಗಿ ಗೊತ್ತು. ಬರೆಯುವುದಿಲ್ಲ. ಪೆಸಿಫಿಕ್ ಸಾಗರದ ನಡುವೆ, ಭೂಪಟದಲ್ಲಿ ನೊಣ ಕೂತೆದ್ದ ಗುರುತಿನಂತೆ ಕಾಣುವ ದ್ವೀಪಗಳಿವೆ. ಅವುಗಳಲ್ಲೊಂದರ ದೊಡ್ಡ ಮನೆತನದಲ್ಲಿ ಹುಟ್ಟಿ, ಇನ್ನೊಂದು ದ್ವೀಪ ತಾಹಿತಿಯ ರಾಣಿಯನ್ನು ಮದುವೆಯಾಗಿ, ಸಾಯುವ ತನಕ 'ರಾಣಿಯ ಗಂಡ' ಅನ್ನಿಸಿಕೊಂಡವನು ಅವನು. ಸತ್ತು ನೂರು ವರ್ಷದ ಮೇಲಾಯಿತು. ಇಂಥವನೊಬ್ಬ ಕುವೈತಿನ ಮೈದಾನ್ ಹವಲ್ಲಿಯಲ್ಲಿ, ನಮ್ಮ ಎರಡು ಕೋಣೆಯ ಮನೆಯಲ್ಲಿ, ವರ್ಷಗಟ್ಟಲೆ ಬಿಡಾರ ಹೂಡಿದ್ದ. ಬಾಡಿಗೆ ಕಟ್ಟುತ್ತಿದ್ದವಳು ನಾನು.

ನಾನು ನರ್ಸು. ಇರಾಕಿನ ಜೊತೆಗಿನ ಯುದ್ಧ ಮುಗಿದು ಅಲ್ಲಿಯ ಆಸ್ಪತ್ರೆಗಳು ಮತ್ತೆ ಜನರನ್ನು ತುಂಬಿಕೊಳ್ಳತೊಡಗಿದಾಗ ಜಹ್ರಾದ ಆಸ್ಪತ್ರೆಗೆ ಕೆಲಸಕ್ಕೆ ಬಂದವಳು. ನನ್ನ ಗಂಡ ಗದಗಿನ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಮಗಳನ್ನು ಅವರ ಹತ್ತಿರವೇ ಬಿಟ್ಟು ಬಂದಿದ್ದೆ. ಒಂದು ದಿನ ಫೋನಿನಲ್ಲಿ ಮಗಳು ನನಗೆ "ನೀವು ಯಾರ್ರೀ?" ಅಂದಳು. ಮರುವಾರವೇ ಗಂಡ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟರು. ನಾನು ಬನ್ನಿ ಅಂದಿರಲಿಲ್ಲ. ಬರಬೇಡಿ ಅಂತಲೂ ಅನ್ನಲಿಲ್ಲ.

ಗಂಡ ಹೆಂಡತಿಯನ್ನು ಕರೆಸಿಕೊಂಡ ಹಾಗೆ ಹೆಂಡತಿ ಗಂಡನನ್ನು ಕರೆಸಿಕೊಳ್ಳುವುದು ಅಲ್ಲಿ ಸಲೀಸಲ್ಲ. ನನ್ನ ವಾರ್ಡಿನಲ್ಲಿ ಮಲಗಿದ್ದ ಒಬ್ಬ ಮುದುಕಿಯ ಮಗ ಕನಿಕರಪಟ್ಟು ಕಫೀಲ್ ಆಗಿ, ಅಂದರೆ ವೀಸಾಕ್ಕೆ ಜಾಮೀನು ನಿಲ್ಲುವ ಧಣಿಯಾಗಿ, ನಿಂತ. ಹೀಗಾಗಿ ಇತಿಹಾಸದ ಮಾಸ್ತರರ ಇಕಾಮಾದಲ್ಲಿ, ಅಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, 'ಮನೆ ಡ್ರೈವರ್' ಅಂತ ಬಿತ್ತು. ಅವರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಪುಣ್ಯಕ್ಕೆ ಆ ಕಫೀಲ್ ಒಂದು ದಿನವೂ ಗಾಡಿ ತೆಗೆ ಅನ್ನಲಿಲ್ಲ. ಇವರು ಮನೆಯಲ್ಲೇ ಉಳಿದರು. ಮಗಳ ಜಡೆ ಹಾಕುವುದು, ನನ್ನ ಡಬ್ಬಿ ಕಟ್ಟುವುದು, ನಾನು ಆಸ್ಪತ್ರೆಯ ಬಸ್ಸು ಹತ್ತುವ ತನಕ ಜೊತೆಗೆ ಬಂದು ನಿಲ್ಲುವುದು, ಇದೇ ಅವರ ಕೆಲಸವಾಯಿತು.

ನಮ್ಮ ಜನರ ಬಾಯಿಗೆ ಇಷ್ಟು ಸಾಕು. ಶುಕ್ರವಾರ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದರೆ ಹೆಂಗಸರು ನನ್ನನ್ನು ಸುತ್ತುವರಿದು, ನಿಮ್ಮ ಯಜಮಾನರು ಏನು ಮಾಡುತ್ತಾರೆ ಅಂತ ಕೇಳುತ್ತಿದ್ದರು. ಗೊತ್ತಿದ್ದೇ ಕೇಳುವುದು ಹಳೆಯ ಚಟ. ಅಡುಗೆ ಮಾಡುತ್ತಾರೆ, ನಿಮ್ಮವರು ಮಾಡುತ್ತಾರೇನು ಅಂತ ನಾನೂ ತಿರುಗಿ ಕೇಳುತ್ತಿದ್ದೆ. ಗಂಡಸರು ಇನ್ನೂ ಜಾಣರು. ಎದುರಿಗೆ 'ಸರ್' ಅನ್ನುವುದು, ಬೆನ್ನ ಹಿಂದೆ 'ಸಿಸ್ಟರ್ ಗಂಡ' ಅನ್ನುವುದು. ಮನೆಯಳಿಯನಿಗಾದರೂ ಮಾವನ ಮನೆ ಅಂತ ಒಂದಿರುತ್ತದೆ, ಇವನಿಗೆ ಅದೂ ಇಲ್ಲ ಅಂತ ಒಬ್ಬ ಮಹಾಶಯ ಹೇಳಿದ್ದು ನನ್ನ ಕಿವಿಗೇ ಬಿತ್ತು. ಆ ಮಹಾಶಯನಿಗೆ ಹೆಂಡತಿ ತಟ್ಟೆ ಮುಂದಿಡದಿದ್ದರೆ ನೀರು ಎಲ್ಲಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ.

ಸಿಟ್ಟು ಅವರ ಮೇಲಷ್ಟೇ ಇರಲಿಲ್ಲ. ನನ್ನ ಗಂಡನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಅವರು ಇದನ್ನೆಲ್ಲ ಕೇಳಿ ನಗುತ್ತಿದ್ದರು. ಅದೊಂದು ನಗು ಇತ್ತು ಅವರದು, ತುಟಿಯ ಒಂದೇ ಬದಿಯಲ್ಲಿ ಬಂದು ಹೋಗುತ್ತಿತ್ತು. ಅದನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ಒಂದು ಸಲ, ಒಂದೇ ಸಲ ಈ ಮನುಷ್ಯ ನಗದೆ ಇರಬಾರದೇ ಅಂತ ಅನ್ನಿಸುತ್ತಿತ್ತು.

ಆ ದೊರೆ ಮನೆ ಹೊಕ್ಕದ್ದು ರುಮೈಥಿಯಾ ಬಡಾವಣೆಯ ಕಸದ ಡಬ್ಬಿಯ ಕಡೆಯಿಂದ. ಅಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ರಸ್ತೆಯ ಪಕ್ಕ ಪೇರಿಸಿದ್ದರಂತೆ. ಬೇರೆ ಮನೆಯ ಗಂಡಸರು ಇಂಥ ಕಡೆ ಹುಡುಕಿ ಫ್ರಿಜ್ಜು ತರುತ್ತಾರೆ, ಸೋಫಾ ತರುತ್ತಾರೆ, ಒಬ್ಬರಂತೂ ಕೆಡದ ವಾಷಿಂಗ್ ಮಷೀನನ್ನೇ ತಂದಿದ್ದರು. ನಮ್ಮವರು ಪೆಸಿಫಿಕ್ ದ್ವೀಪಗಳ ರಾಜಮನೆತನಗಳ ಬಗ್ಗೆ ಬರೆದ, ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ ಹೊತ್ತು ತಂದರು. ಬಿಸಿಲಿಗೆ ಕೆಂಪಾದ ಮುಖದಲ್ಲಿ ಆ ಸಂತೋಷ ನೋಡಬೇಕಿತ್ತು. ಅದನ್ನು ಒರೆಸಿ ಒಳಗೆ ತನ್ನಿ, ಜಿರಲೆ ಇದ್ದಾವು ಅಂದೆ.

ಕಥೆ ದೊಡ್ಡದೇನಲ್ಲ. ರಾಣಿಗೆ ಚಿಕ್ಕ ವಯಸ್ಸಿನಲ್ಲೇ ಪಟ್ಟವಾಯಿತು. ಮೊದಲನೆಯ ಗಂಡನನ್ನು ಬಿಟ್ಟು ಈ ದೊರೆಯನ್ನು ಮದುವೆಯಾದಳು. ಅವನು ಅವಳಿಗಿಂತ ಚಿಕ್ಕವನು, ಮದುವೆಯ ಹೊತ್ತಿಗೆ ಇನ್ನೂ ಹುಡುಗ. ಸ್ವಲ್ಪ ವರ್ಷಕ್ಕೆ ಫ್ರೆಂಚರ ಯುದ್ಧನೌಕೆಗಳು ಬಂದು ದ್ವೀಪ ನಮ್ಮ ರಕ್ಷಣೆಯಲ್ಲಿದೆ ಅಂದವು. ರಾಣಿ ಹಡಗು ಹತ್ತಿ ಬೇರೆ ದ್ವೀಪಕ್ಕೆ ಹೋದಳು, ಗಂಡ ಮಕ್ಕಳೂ ಅಲ್ಲಿದ್ದರು. ಹಿಂದೆ ಉಳಿದ ಜನ ಗುಡ್ಡ ಸೇರಿ ಹೊಡೆದಾಡಿದರು. ಕೊನೆಗೆ ರಾಣಿ ಫ್ರೆಂಚರ ಬಾವುಟದ ಕೆಳಗೇ ತಿರುಗಿ ಬಂದು ಕೂತಳು. ಮಕ್ಕಳು ಬೆಳೆದು ಒಬ್ಬೊಬ್ಬರು ಒಂದೊಂದು ದ್ವೀಪಕ್ಕೆ ರಾಜ, ರಾಣಿ ಆದರು. ದೊರೆ ರಾಣಿಗಿಂತ ಮೊದಲೇ ತೀರಿಕೊಂಡ. ಇಷ್ಟೆಲ್ಲ ಆದರೂ ಆ ದಪ್ಪ ಪುಸ್ತಕದಲ್ಲಿ ಅವನ ಪಾಲಿಗೆ ಬಂದದ್ದು ಒಂದು ಪ್ಯಾರಾ.

ಆ ಒಂದು ಪ್ಯಾರಾವನ್ನು ನನ್ನ ಗಂಡ ಒಂದು ಪಿರಿಯಡ್ಡಿನ ಪಾಠವಾಗಿ ಬೆಳೆಸಿದರು. ಮೊದಲು ಆ ಪುಸ್ತಕ, ಆಮೇಲೆ ಬೀದಿಯ ಕೊನೆಯ ಇಂಟರ್ನೆಟ್ ಅಂಗಡಿ. ಈರುಳ್ಳಿ ಹೆಚ್ಚುತ್ತ ಅದೇ ಮಾತು, ಇಸ್ತ್ರಿ ಮಾಡುತ್ತ ಅದೇ ಮಾತು. ರಾಜನ ಹೆಂಡತಿ ರಾಣಿಯಾಗುತ್ತಾಳೆ, ರಾಣಿಯ ಗಂಡ ಯಾಕೆ ರಾಜನಾಗುವುದಿಲ್ಲ ಅಂತ ನನ್ನನ್ನು ಕೇಳುತ್ತಿದ್ದರು. ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ ಬಂದವಳಿಗೆ ಕೇಳುವ ಪ್ರಶ್ನೆಯೇ ಅದು? ಹಾಲು ಉಕ್ಕುತ್ತಿದೆ ನೋಡಿ ಅನ್ನುತ್ತಿದ್ದೆ. ಮಗಳಿಗೆ ಬುದ್ಧಿ ಬಂದ ಮೇಲೆ ಅವಳೂ ನನ್ನ ಪಕ್ಷ ಸೇರಿದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಪಪ್ಪಾ, ನಾಟ್ ದಟ್ ಐಲ್ಯಾಂಡ್ ಮ್ಯಾನ್ ಅಗೇನ್" ಅನ್ನುವಳು.

ಪಾಠದ ಕೊನೆಯ ವಾಕ್ಯವನ್ನು ಅವರು ಬಹಳ ತಿದ್ದಿ ತೀಡಿ ಇಟ್ಟುಕೊಂಡಿದ್ದರು. ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಗೆ ಹೇಳುತ್ತಿದ್ದರು. "ಅಂವ ರಾಣಿ ಕೈ ಹಿಡದು ದೊರಿ ಆದಾಂವ ಅಲ್ಲ. ಅಂವ ಹುಟ್ಟಾ ದೊರಿ."

ಒಂದು ದಿನ ತಡೆಯಲಾರದೆ ನಾನು ಕೇಳಿಯೇ ಬಿಟ್ಟೆ. "ಹುಟ್ಟಾ ದೊರಿ ಇದ್ದಾಂವ ತನ್ನ ಊರು ಬಿಟ್ಟು ಹೆಂಡ್ತಿ ಊರಾಗ ಯಾಕ ಬಂದು ಕುಂತ?"

ಅವರು ರೇಜರು ತೊಳೆದರು. ಮುಖ ಒರೆಸಿಕೊಂಡರು. "ಅದನ್ನ ಯಾರೂ ಬರದಿಲ್ಲ" ಅಂದರು.

ಈ ಕಥೆಯನ್ನು ಮನಸಿಟ್ಟು ಕೇಳುತ್ತಿದ್ದವರು ಇಡೀ ಕುವೈತಿನಲ್ಲಿ ಒಬ್ಬರೇ. ನಮ್ಮ ಕಟ್ಟಡದ ಕೆಳಗೆ ಕಿರಾಣಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬರು, ಪುತ್ತೂರಿನ ಕಡೆಯವರು. ಇರಾಕಿನ ಟ್ಯಾಂಕುಗಳು ಬಂದಾಗ ಅಂಗಡಿಗೆ ಬೀಗ ಹಾಕಿ, ಮರುಭೂಮಿ ದಾಟಿ ಜೋರ್ಡಾನಿನ ಮೂಲಕ ಊರು ಸೇರಿದ್ದವರು. ಯುದ್ಧ ಮುಗಿದ ಮೇಲೆ ಬಂದು ನೋಡಿದರೆ ಅಂಗಡಿಯಲ್ಲಿ ಕಪಾಟಿನ ಹಲಗೆ ಕೂಡ ಇರಲಿಲ್ಲವಂತೆ. ಅವರಿಗೆ ದೊರೆ ಓಡಿಹೋದದ್ದಕ್ಕಿಂತ ತಿರುಗಿ ಬಂದದ್ದರ ಮೇಲೆ ಹೆಚ್ಚು ಕುತೂಹಲ. ಬೇಳೆ ತೂಗುತ್ತ ನಡುವೆ ನಿಲ್ಲಿಸಿ ಕೇಳುತ್ತಿದ್ದರು. "ಹೋಗುದು ಎಂತ ಮಾಷ್ಟ್ರೆ, ಯಾರೂ ಹೋಗ್ಬಹುದು. ಹಿಂದೆ ಬಂದು ಅದೇ ಜಾಗದಲ್ಲಿ ಕೂತ್ಕೊಳ್ಳುದು ಉಂಟಲ್ಲ, ಅದು ಕಷ್ಟ. ನಿಮ್ಮ ದೊರೆ ಹೇಗೆ ಕೂತ್ಕೊಂಡ್ರು?" ಆಗ ನನ್ನ ಗಂಡ ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಕಾಲೇಜಿನಲ್ಲಿ ಮಾಡುತ್ತಿದ್ದ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಹೇಳಲು ಶುರು ಮಾಡುತ್ತಿದ್ದರು. ನಾನು ಕೊತ್ತಂಬರಿ ತರಲು ಕಳಿಸಿ ಮೇಲೆ ಕಾಯುತ್ತಿದ್ದೆ.

ಬ್ಯಾರಿ ಸಾಹೇಬರೇ ತಲೆಯಲ್ಲಿ ಹುಳ ಬಿಟ್ಟವರು. ಇದನ್ನು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹೇಳಿ ಮಾಷ್ಟ್ರೆ ಅಂದರು. ಅಲ್ಲಿಂದ ನನ್ನ ಗಂಡನಿಗೆ ಅದೊಂದೇ ಧ್ಯಾನ. ಬೇರೆ ಏನೂ ಕೇಳಿದವರಲ್ಲ ಅವರು, ಊರಿಗೆ ಹೋಗೋಣ ಅಂತಲೂ ಅನ್ನಲಿಲ್ಲ, ಒಂದು ಅಂಗಿ ಬೇಕು ಅಂತಲೂ ಅನ್ನಲಿಲ್ಲ. ಬೇಕಾದದ್ದು ಇಷ್ಟೇ: ಒಂದು ಸಲ ಜನರ ಎದುರಿಗೆ ನಿಂತು, ತಾವೇ ಕಟ್ಟಿದ ಪಾಠವನ್ನು ಮೊದಲಿಂದ ಕೊನೆಯ ತನಕ ಹೇಳಬೇಕು. ಕಾಲೇಜು ಬಿಟ್ಟ ಮೇಲೆ ಅವರ ದನಿಯನ್ನು ಯಾರೂ ಕೂತು ಕೇಳಿರಲಿಲ್ಲ.

ಸಂಘದ ಬಗ್ಗೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ಕನ್ನಡ ಉಳಿಸುತ್ತೇವೆ ಅಂತ ಕನ್ನಡದಲ್ಲಿ ಬರೆದ ಬ್ಯಾನರಿನ ಕೆಳಗೆ, ಮಕ್ಕಳಿಗೆ ಇಂಗ್ಲಿಷಿನಲ್ಲಿ ಬೈಯುತ್ತ ಕೂರುವ ಜನ. ಮುಂದಿನ ಸಾಲಿನಲ್ಲಿ ಸೋಫಾ, ಅದರ ಹಿಂದೆ ಮೆತ್ತೆ ಇರುವ ಕುರ್ಚಿ, ಅದರ ಹಿಂದೆ ಬರೀ ಕುರ್ಚಿ. ಯಾರು ಎಲ್ಲಿ ಕೂರಬೇಕು ಅಂತ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಅಧ್ಯಕ್ಷರು ನಮ್ಮ ಕಡೆಯವರೇ, ಯಾವುದೋ ಕಂಪನಿಯಲ್ಲಿ ದೊಡ್ಡ ಇಂಜಿನಿಯರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ಈ ಮನುಷ್ಯ ಹವಾನಿಯಂತ್ರಿತ ಸಭಾಂಗಣದಲ್ಲೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ.

ಮೊದಲ ವರ್ಷ ಇವರ ಭಾಷಣ ಇಟ್ಟಿದ್ದೇವೆ ಅಂದರು. ಊರಿಂದ ಬರಬೇಕಾದ ಮುಖ್ಯ ಅತಿಥಿ ತಡವಾಗಿ ಬಂದರು, ಭಾಷಣ ಹೋಯಿತು. ಮುಂದಿನ ವರ್ಷ ಮಕ್ಕಳ ನೃತ್ಯದ ನಡುವೆ ಕ್ಯಾಸೆಟ್ಟು ಸಿಕ್ಕಿಕೊಂಡಿತು, ಅದನ್ನು ಬಿಡಿಸುವಷ್ಟರಲ್ಲಿ ಊಟದ ಹೊತ್ತು. ಅದರ ಮುಂದಿನ ವರ್ಷ ಲಕ್ಕಿ ಡ್ರಾ. ಇವರು ಪ್ರತಿಸಲ ಕಾಲೇಜಿಗೆ ಹಾಕುತ್ತಿದ್ದ ಬೂದಿ ಬಣ್ಣದ ಕೋಟು ಹಾಕಿಕೊಂಡು ಬರೀ ಕುರ್ಚಿಯ ಸಾಲಿನಲ್ಲಿ ಕೂರುವುದು, ಅಧ್ಯಕ್ಷರು ಹಾದುಹೋಗುತ್ತ ಹೆಗಲು ತಟ್ಟಿ ಮುಂದಿನ ಸಲ ನಕ್ಕಿ ಸರ್, ಖಂಡಿತ ಅನ್ನುವುದು, ಇವರು ತುಟಿಯ ಒಂದು ಬದಿಯಲ್ಲಿ ನಗುವುದು. ಮಗಳು ಆಗಲೇ ಎದ್ದು ಊಟದ ಸಾಲಿನಲ್ಲಿ ನಿಂತಿರುತ್ತಿದ್ದಳು. ಒಂದು ವರ್ಷ ಈ ಕೋಟನ್ನು ಕಸಕ್ಕೆ ಹಾಕುತ್ತೇನೆ ಅಂದೆ. ಹಾಕಲಿಲ್ಲ.

ಹೀಗಿರುವಾಗ ಒಂದು ದಿನ ಅಧ್ಯಕ್ಷರ ಫೋನು ಬಂತು. ಈ ಸಲ ರಾಜ್ಯೋತ್ಸವದಲ್ಲಿ ಒಬ್ಬ ಮಹಿಳೆಗೂ ಸನ್ಮಾನ ಮಾಡಬೇಕು ಅಂತ ಸಮಿತಿಯವರು ತೀರ್ಮಾನಿಸಿದ್ದಾರಂತೆ, ನನ್ನ ಹೆಸರು ಬಂದಿದೆಯಂತೆ. 'ಒಬ್ಬ ಮಹಿಳೆಗೂ' ಅನ್ನುವುದನ್ನು ಹಬ್ಬಕ್ಕೆ ನಾಯಿಗೂ ಒಂದು ಹೋಳಿಗೆ ಹಾಕಿದಷ್ಟು ಧಾರಾಳವಾಗಿ ಹೇಳಿದರು. ಬೇಡ ಅನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಬರುತ್ತೇನೆ, ಆದರೆ ನಮ್ಮವರ ಭಾಷಣ ಆಗಬೇಕು, ಸನ್ಮಾನ ಮುಗಿದ ಕೂಡಲೇ ಆಗಬೇಕು, ಊಟಕ್ಕೆ ಮೊದಲು ಆಗಬೇಕು ಅಂದೆ. ಆಯಿತು ಮೇಡಂ, ನನ್ನ ಮಾತು ಅಂದರು.

ಗಂಡನಿಗೆ ಹೇಳಿದಾಗ ಅವರು ಚಪಾತಿ ಲಟ್ಟಿಸುತ್ತಿದ್ದರು. ಲಟ್ಟಣಿಗೆ ಹಾಗೇ ನಿಂತಿತು. "ಖರೇನ?" ಅಂದರು. ಆ ವಾರವೆಲ್ಲ ಮನೆಯಲ್ಲಿ ದೊರೆಯದ್ದೇ ದರ್ಬಾರು. ಪಾಠವನ್ನು ಹತ್ತು ನಿಮಿಷಕ್ಕೆ ಇಳಿಸುವುದು, ಇಳಿಸಿದ್ದಕ್ಕೆ ಮರುಗುವುದು. ಬ್ಯಾರಿ ಸಾಹೇಬರ ಅಂಗಡಿಯಲ್ಲಿ ಅಕ್ಕಿ ಮೂಟೆಗಳ ನಡುವೆ ನಿಂತು ಒಮ್ಮೆ ಪೂರ್ತಿ ಹೇಳಿ ಬಂದರಂತೆ. ಕೋಟನ್ನು ತಾವೇ ಇಸ್ತ್ರಿ ಮಾಡಿದರು.

ಸಾಲ್ಮಿಯಾದ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಮೊದಲು ಒಬ್ಬ ವ್ಯಾಪಾರಿಗೆ ಸನ್ಮಾನವಾಯಿತು. ನಮ್ಮಲ್ಲಿ ಸನ್ಮಾನಕ್ಕೆ ದಂಪತಿಯನ್ನು ಕರೆಯುವ ಪದ್ಧತಿ. ಎರಡು ಕುರ್ಚಿ ಹಾಕಿ, ಗಂಡನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಹೆಂಡತಿಗೆ ಹೂವು, ಅರಿಶಿನ ಕುಂಕುಮ, ಒಂದು ಕುಪ್ಪಸದ ಬಟ್ಟೆ. ಆಮೇಲೆ ನನ್ನ ಸರದಿ. ಮತ್ತೆ ಎರಡು ಕುರ್ಚಿ. ಅಧ್ಯಕ್ಷರ ಹೆಂಡತಿ ತಟ್ಟೆ ಹಿಡಿದು ಬಂದರು, ಅಧ್ಯಕ್ಷರು ಅದರಿಂದ ಪೇಟ ಎತ್ತಿದರು, ಎತ್ತಿದವರು ಒಂದು ಗಳಿಗೆಯೂ ಯೋಚಿಸದೆ ನನ್ನ ಗಂಡನ ತಲೆಯ ಮೇಲಿಟ್ಟರು. ಶಾಲು ಅವರಿಗೆ. ಹಾರ ಅವರಿಗೆ. ನನ್ನ ಮಡಿಲಿಗೆ ಕುಪ್ಪಸದ ಬಟ್ಟೆ, ಅದೂ ಪಾಲಿಸ್ಟರ್.

ಯಾರೊಬ್ಬರಿಗೂ ತಪ್ಪು ಕಾಣಲಿಲ್ಲ. ನಿರೂಪಣೆ ಮಾಡುವ ಹುಡುಗಿ ನನ್ನ ಬಗ್ಗೆ ಓದತೊಡಗಿದಳು. ಸಾವಿರಾರು ಹೆರಿಗೆ ಮಾಡಿಸಿದವರು ಅಂದಳು, ಜನ ನನ್ನ ಗಂಡನನ್ನು ನೋಡಿದರು. ಮರುಭೂಮಿಯ ನಾಡಿನಲ್ಲಿ ತಾಯಿಯಂತೆ ಸೇವೆ ಮಾಡಿದವರು ಅಂದಳು, ಫೋಟೋದವನು ಪೇಟದ ಕಡೆಗೆ ಕ್ಯಾಮೆರಾ ತಿರುಗಿಸಿದ. ಪೇಟ ಅವರಿಗೆ ದೊಡ್ಡದಾಗಿತ್ತು, ಹುಬ್ಬಿನ ತನಕ ಇಳಿದಿತ್ತು. ನನ್ನ ಕಡೆ ಬಗ್ಗಿ ಮೆಲ್ಲಗೆ, ಇದು ನಿನ್ನದು, ತೆಗೆಯಲೇನು ಅಂದರು. ಸುಮ್ಮನೆ ಕೂತುಕೊಳ್ಳಿ ಅಂದೆ. ನನಗೆ ಪೇಟ ಬೇಕಿರಲಿಲ್ಲ. ಅವರಿಗೆ ಮೈಕು ಬೇಕಿತ್ತು.

ಮೈಕು ಬಂತು ಕೂಡ. ಸನ್ಮಾನಿತರ ಪರವಾಗಿ ಸರ್ ಮಾತಾಡುತ್ತಾರೆ ಅಂದಳು ಹುಡುಗಿ. ಅವರು ಎದ್ದರು, ಅಭ್ಯಾಸಬಲದಿಂದ ಒಂದು ಕೈ ಹಿಂದೆ ಕಟ್ಟಿದರು, ಇನ್ನೊಂದರಲ್ಲಿ ಮೈಕು. ದೊರೆಯ ಹೆಸರನ್ನು ಬಿಡಿಸಿ ಬಿಡಿಸಿ, ಒಂದೊಂದೇ ಅಕ್ಷರಕ್ಕೆ ಮರ್ಯಾದೆ ಕೊಟ್ಟು ಹೇಳಿದರು. ಜನ ಮುಖ ಮುಖ ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಹಿಂದಿನ ಬಾಗಿಲಿನಿಂದ ಪಲಾವಿನ ವಾಸನೆ ಬಂತು, ಕುರ್ಚಿಗಳು ಸರಿಯತೊಡಗಿದವು. ಅಧ್ಯಕ್ಷರು ನಗುನಗುತ್ತಲೇ ಬಂದು ಅವರ ಕೈಯಿಂದ ಮೈಕು ಬಿಡಿಸಿಕೊಂಡರು.

"ಸರ, ಅದು ಈಗ ಬ್ಯಾಡ್ರಿ. ಊಟ ಆರಲಿಕತ್ತದ. ಮೇಡಂ ಬಗ್ಗೆ ಒಂದೆರಡು ಮಾತು ಹೇಳಿ ಮುಗಸ್ರಿ."

ಮಾತು ಕೊಟ್ಟಿದ್ದಿರಲ್ಲ ಅಂತ ಅವರು ಕೇಳಬಹುದಿತ್ತು. ಪೇಟವನ್ನು ಮುಖದ ಮೇಲೆ ಎಸೆಯಬಹುದಿತ್ತು. ಅವರು ನಕ್ಕರು. ಅದೇ ನಗು. "ಇರಲಿ ಬಿಡ್ರಿ" ಅಂದು ಕುರ್ಚಿಗೆ ಬಂದು ಕೂತರು.

ನಾನೇ ಎದ್ದು ಹೋಗಿ ಅಧ್ಯಕ್ಷರ ಕೈಯಿಂದ ಮೈಕು ಕಿತ್ತುಕೊಂಡೆ. ವಾರ್ಡಿನಲ್ಲಿ ಗದ್ದಲ ಮಾಡುವ ನೆಂಟರನ್ನು ಹೊರಗಟ್ಟುವ ದನಿಯಲ್ಲಿ, ಎಲ್ಲರೂ ಕುಂಡ್ರಿ ಅಂದೆ. ಕೂತರು. ಇಂಜಿನಿಯರರೂ ಕೂತರು, ವ್ಯಾಪಾರಿಗಳೂ ಕೂತರು, ತಟ್ಟೆ ಹಿಡಿದು ನಿಂತಿದ್ದವರು ತಟ್ಟೆ ಸಮೇತ ಕೂತರು. "ನನ್ನ ಬಗ್ಗೆ ಹೇಳೂದು ಏನೂ ಇಲ್ಲ. ನಾ ಪಗಾರ ತಗೊಂಡು ಕೆಲಸ ಮಾಡೀನಿ. ಈಗ ಒಬ್ಬ ದೊರಿ ಕಥಿ ಹೇಳ್ತೀನಿ, ಮುಗಿಯೂತನಕ ಯಾರೂ ಏಳಬ್ಯಾಡ್ರಿ" ಅಂದೆ.

ಹೇಳಿದೆ. ಈರುಳ್ಳಿಯ ಜೊತೆ, ಇಸ್ತ್ರಿಯ ಜೊತೆ, ನಿದ್ದೆಗಣ್ಣಿನಲ್ಲಿ ಬೇಡ ಬೇಡವೆಂದು ಕೇಳಿದ್ದೆಲ್ಲ ಒಂದರ ಹಿಂದೆ ಒಂದು ನಾಲಗೆಗೆ ಬಂತು. ಹೆಸರೊಂದನ್ನು ಬಿಟ್ಟೆ. ಆ ಹೆಸರು ನನ್ನ ನಾಲಗೆಯಲ್ಲಿ ಸರಿಯಾಗಿ ಹೊರಳುತ್ತಿರಲಿಲ್ಲ, ಅಧ್ಯಕ್ಷರ ಎದುರು ತಡವರಿಸುವ ಮನಸ್ಸಿರಲಿಲ್ಲ. 'ದ್ವೀಪದ ದೊರೆ' ಅಂತಲೇ ಹೇಳಿದೆ. ಯುದ್ಧನೌಕೆ ಬಂದಾಗ ರಾಣಿ ಓಡಿಹೋದಳು ಅಂದೆ. ಹಿಂದೆ ಪೇಟದ ಕೆಳಗಿನಿಂದ ಸಣ್ಣ ದನಿ ಬಂತು, "ಓಡಿಹೋಗಲಿಲ್ಲ. ಹೋದಳು." ತಿದ್ದಿಕೊಂಡು ಮುಂದುವರಿದೆ. ಎಲ್ಲರಿಗೂ ಅರ್ಥವಾಗಿತ್ತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಕೆಲವರು ಕುರ್ಚಿಯಲ್ಲೇ ಮಿಸುಕಾಡಿದರು. ಕೊನೆಗೆ ಬಂದಾಗ ನಾನು ಸೀದಾ ಅಧ್ಯಕ್ಷರ ಕಪ್ಪು ಕನ್ನಡಕವನ್ನೇ ನೋಡಿದೆ.

"ಅಂವ ರಾಣಿ ಕೈ ಹಿಡದು ದೊರಿ ಆದಾಂವ ಅಲ್ಲ. ಅಂವ ಹುಟ್ಟಾ ದೊರಿ."

ಅಂಥ ಚಪ್ಪಾಳೆ ಆ ಸಂಘದಲ್ಲಿ ಸಿನಿಮಾದವರು ಬಂದಾಗಲೂ ಬಿದ್ದಿರಲಿಲ್ಲ. ಹೆಂಗಸರು ಬಂದು ಕೈ ಹಿಡಿದುಕೊಂಡರು. ನರ್ಸ್ ಆಗಿದ್ದರೂ ಎಷ್ಟು ಓದಿಕೊಂಡಿದ್ದೀರಿ ಅಂದಳು ಒಬ್ಬಳು. ಅಧ್ಯಕ್ಷರು ಮುಂದಿನ ವರ್ಷವೂ ಇಂಥದೇ ಒಂದು ಹೇಳಬೇಕು ಮೇಡಂ ಅಂದರು, ನಾಚಿಕೆಯಿಲ್ಲದ ಪ್ರಾಣಿ. ನನ್ನ ಗಂಡ ಹಣ್ಣಿನ ಬುಟ್ಟಿ ಹಿಡಿದು ಗೋಡೆಯ ಹತ್ತಿರ ನಿಂತಿದ್ದರು.

ಬ್ಯಾರಿ ಸಾಹೇಬರು ತಮ್ಮ ವ್ಯಾನಿನಲ್ಲಿ ಮನೆಗೆ ಬಿಟ್ಟರು. ದಾರಿಯಲ್ಲಿ ಅವರು ಕನ್ನಡಿಯಲ್ಲಿ ನನ್ನ ಗಂಡನನ್ನೇ ನೋಡುತ್ತಿದ್ದರು. ನನಗೆ ಹಲ್ಲು ಉದುರುವ ಹಾಗೆ ಕೊಟ್ಟೆ ಅನ್ನುವ ಖುಷಿ. ಮಗಳು ಹಿಂದಿನ ಸೀಟಿನಿಂದ ನನ್ನ ಕೊರಳಿಗೆ ಕೈ ಹಾಕಿ, "ಅಮ್ಮಾ, ಯೂ ವರ್ ಸೂಪರ್" ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಪ್ರೀತಿಯಿಂದಲೇ, "ಪಪ್ಪಾ, ನೌ ಯೂ ಡೋಂಟ್ ಹ್ಯಾವ್ ಟು ಡೂ ಇಟ್" ಅಂದಳು.

ಅವರು ನಗಲಿಲ್ಲ. ಇಷ್ಟು ವರ್ಷ ಕಾದಿದ್ದೆನಲ್ಲ, ಆ ದಿನ ನಗಲಿಲ್ಲ. ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಮನೆಗೆ ಬಂದು ಕೋಟು ಕಳಚಿ ಮೊಳೆಗೆ ಹಾಕಿ, "ಚಲೋ ಹೇಳಿದಿ" ಅಂದರು. ಹಣ್ಣುಗಳನ್ನು ತೆಗೆದು ಫ್ರಿಜ್ಜಿನಲ್ಲಿಟ್ಟರು.

ಮರುದಿನವೂ ಡಬ್ಬಿ ಕಟ್ಟಿದರು, ಬಸ್ಸಿನ ತನಕ ಬಂದರು. ಪುಸ್ತಕ ಕಪಾಟಿನ ಮೇಲೆ ಹೋಯಿತು. ಗಡ್ಡ ಹೆರೆದುಕೊಳ್ಳುವಾಗ ಈಗ ನೀರಿನ ಸದ್ದು ಬಿಟ್ಟು ಬೇರೆ ಇಲ್ಲ. ನಾನೇ ಒಂದೆರಡು ಸಲ ಕೆಣಕಿ ನೋಡಿದೆ, ಏನಂತಾನ ನಿಮ್ಮ ದ್ವೀಪದ ಗೌಡ ಅಂತ. ಏನು ಅನ್ನಲಿ, ಎಲ್ಲ ಮುಗಿಯಿತಲ್ಲ ಅಂದರು, ಸಿಟ್ಟಿಲ್ಲದೆ. ನಾನು ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಅಧ್ಯಕ್ಷನಂಥವನ ಕೈಯಲ್ಲಿ ಮೈಕು ಕಂಡರೆ ಮತ್ತೆ ಕಿತ್ತುಕೊಳ್ಳುತ್ತೇನೆ.

ಕೆಲವು ವರ್ಷದ ಮೇಲೆ ಬ್ಯಾರಿ ಸಾಹೇಬರು ಅಂಗಡಿಯನ್ನು ಮಗನಿಗೆ ಒಪ್ಪಿಸಿ ಖಾಯಮ್ಮಾಗಿ ಊರಿಗೆ ಹೊರಟಾಗ ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕರೆದೆವು. ನನ್ನ ಗಂಡ ಎಣ್ಣೆಗಾಯಿ ಮಾಡಿದ್ದರು. ಊಟವಾದ ಮೇಲೆ ಸಾಹೇಬರು ಗೋಡೆಗೆ ಒರಗಿ ಕೂತು ಕೇಳಿದರು.

"ಮಾಷ್ಟ್ರೆ, ಇನ್ನು ನಾವು ಸಿಗುದು ಯಾವಾಗವೋ. ಒಂದು ಸಲ ಆ ದೊರೆದ್ದು ಪೂರ್ತಿ ಹೇಳಿ. ಅಂಗಡಿಯಲ್ಲಿ ಹೇಳಿದ ಹಾಗೆ."

ಅವರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. "ಆಕಿನ್ನ ಕೇಳ್ರಿ, ಭಾಯಿ. ಆಕಿಗೆ ಬರ್ತದ" ಅಂದು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದಾಯಿತು.

ಸಾಹೇಬರು ನನ್ನ ಕಡೆ ತಿರುಗಿದರು. ಪಾಠ ಶುರುವಾಗುವುದು ಹೆಸರಿನಿಂದ. ಈ ವರ್ಷಗಳಲ್ಲಿ ಅದನ್ನು ಕೂಡ ನಾನು ಸರಿಯಾಗಿ ಹೇಳಲು ಕಲಿತಿದ್ದೆ, ವಾರ್ಡಿನಲ್ಲಿ ಒಬ್ಬಳೇ ಇದ್ದಾಗ.

"ನನಗ ನೆನಪಿಲ್ರೀ ಸಾಹೇಬ್ರ" ಅಂದೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. "ಅವ್ರನ್ನೇ ಕರೀರಿ."

ನಲ್ಲಿಯ ಸದ್ದು ನಿಂತಿತು. ನಾವಿಬ್ಬರೂ ಬಾಗಿಲ ಕಡೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ನೀರು ಮತ್ತೆ ಬೀಳತೊಡಗಿತು, ತಟ್ಟೆ ತೊಳೆಯುವ ಸದ್ದೂ ಬಂತು.